ಸೊಂಟದ ನರದಲ್ಲಿ ಗಡ್ಡೆ: ಸಣ್ಣ ಗಾಯವನ್ನು ಎಲ್ಲಿ ಅಳೆಯಬೇಕು?

ಆಸ್ಪತ್ರೆಗಳ ಜಾಹೀರಾತುಗಳು ಈಗ ಬೆನ್ನಿನ ಶಸ್ತ್ರಚಿಕಿತ್ಸೆಯನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಮಾರುತ್ತಿವೆ. ಎರಡೂವರೆ ಸೆಂಟಿಮೀಟರ್ ಗಾಯ, ನಾಲ್ಕು ಹೊಲಿಗೆ, ಮೂರನೆಯ ದಿನ ಮನೆ. ಡಿಸ್ಕ್ ಜಾರಿದವರಿಗೆ ಶುರುವಾದ ಈ ಮಾತು ಇಂದು ಸೊಂಟದ ನರದಲ್ಲಿ ಬೆಳೆಯುವ ಗಡ್ಡೆಯವರೆಗೂ ಬಂದಿದೆ. ಈ ಅಳತೆಯಲ್ಲಿ ಸುಳ್ಳಿಲ್ಲ, ಆದರೆ ಅಳೆಯುತ್ತಿರುವ ಜಾಗ ಸರಿಯಿಲ್ಲ. ಚರ್ಮ ಹತ್ತು ಹದಿನೈದು ದಿನಗಳಲ್ಲಿ ಹೇಗೂ ಕೂಡಿಕೊಳ್ಳುತ್ತದೆ. ಬೆನ್ನಿನ ಮುಂದಿನ ಇಪ್ಪತ್ತು ವರ್ಷಗಳನ್ನು ತೀರ್ಮಾನಿಸುವುದು ಚರ್ಮದ ಕೆಳಗೆ ಯಾವ ಸ್ನಾಯು, ಯಾವ ಮೂಳೆ, ಯಾವ ನರದ ಎಳೆ ಕಡಿಯದೆ ಉಳಿಯಿತು ಎಂಬ ಸಂಗತಿ. ಅಷ್ಟನ್ನು ಉಳಿಸಲು ಸಾಧ್ಯವಾಗಿರುವುದಕ್ಕೆ ಹೊಸ ಚಾಕುಗಳಿಗಿಂತ ದೊಡ್ಡ ಕಾರಣ, ಗಡ್ಡೆ ಎಲ್ಲಿದೆ ಎಂದು ಚರ್ಮ ಮುಟ್ಟುವ ಮೊದಲೇ ವೈದ್ಯರಿಗೆ ತಿಳಿದಿರುವುದು. ಇಷ್ಟನ್ನು ಒಪ್ಪಿದರೆ ಇನ್ನೊಂದನ್ನೂ ಒಪ್ಪಬೇಕಾಗುತ್ತದೆ. ಈ ಚಿಕಿತ್ಸೆಯ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಬೆನ್ನು ದುಡಿಸಿ ಬದುಕುವವರಿಗೆ. ಹಾಗಾಗಿ ಅದು ಬೇರೂರಬೇಕಾದದ್ದು ಸಾರ್ವಜನಿಕ ಆಸ್ಪತ್ರೆಗಳಲ್ಲಿ.

ಈ ಮಾತನ್ನು ಬೈಕುಲ್ಲಾವನ್ನು ಮುಂದಿಟ್ಟುಕೊಂಡು ನೋಡುವುದಕ್ಕೆ ಕಾರಣವಿದೆ. ದಕ್ಷಿಣ ಮುಂಬೈಯ ಈ ಭಾಗಕ್ಕೆ ಆಸ್ಪತ್ರೆಗಳ ಚರಿತ್ರೆ ದೊಡ್ಡದು. ಪಾರ್ಸಿ ವ್ಯಾಪಾರಿ ಜಮ್‌ಸೆಟ್‌ಜಿ ಜೀಜೀಭಾಯ್ ಅವರ ದಾನದಿಂದ ಎದ್ದ ಜೆ.ಜೆ. ಆಸ್ಪತ್ರೆ, ಅದರ ಜತೆಗೇ ಗವರ್ನರ್ ರಾಬರ್ಟ್ ಗ್ರಾಂಟ್ ಹೆಸರಿನ ವೈದ್ಯಕೀಯ ಕಾಲೇಜು, ಎರಡೂ 1845ರಲ್ಲಿ ಬಾಗಿಲು ತೆರೆದವು. 1902ರಲ್ಲಿ ಆರಂಭವಾಗಿ, ಸಸೂನ್ ಕುಟುಂಬದ ಹಳೆಯ ಬಂಗಲೆಯಲ್ಲಿ ನೆಲೆಸಿರುವ ಮಸೀನಾ ಆಸ್ಪತ್ರೆ ಇಲ್ಲಿದೆ, ಮಧ್ಯ ರೈಲ್ವೆಯ ಅಂಬೇಡ್ಕರ್ ಆಸ್ಪತ್ರೆಯೂ ಇಲ್ಲಿದೆ. ಸುತ್ತಲಿನ ಬದುಕಾದರೋ ಹೊರೆಯ ಬದುಕು. ಪೂರ್ವಕ್ಕೆ ಮಝಗಾಂವ್ ಡಾಕ್, ಸ್ಟೇಷನ್ನಿನ ಬಳಿ ತರಕಾರಿ ಮಂಡಿ, ಒಂದು ಕಾಲದಲ್ಲಿ ಖಟಾವ್ ಮುಂತಾದ ಗಿರಣಿಗಳು. ತಲೆಹೊರೆ ಹೊರುವ ಮಾಥಾಡಿಗಳಿಗಾಗಿಯೇ ಮಹಾರಾಷ್ಟ್ರ ಸರ್ಕಾರ 1969ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಬೇಕಾಗಿ ಬಂದ ನಗರವಿದು. ಇಲ್ಲಿ ಕನ್ನಡದ ಬೆನ್ನುಗಳೂ ಬೇಕಾದಷ್ಟಿವೆ. ಕರಾವಳಿಯಿಂದ ಬಂದು ಹೋಟೆಲಿನ ಒಲೆಯ ಮುಂದೆ ದಿನಕ್ಕೆ ಹನ್ನೆರಡು ಗಂಟೆ ನಿಲ್ಲುವವರು, ಕಲಬುರಗಿ ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಸೊಲ್ಲಾಪುರ ಅಕ್ಕಲಕೋಟೆಗಳಿಂದ ರಾತ್ರಿ ರೈಲು ಹತ್ತಿ ದೊಡ್ಡಾಸ್ಪತ್ರೆಗೆಂದು ಬರುವವರು. ಇವರಲ್ಲಿ ಯಾರಾದರೂ ಸೊಂಟ ನೋವು ಎಂದರೆ ಕೇಳುವವರಿಗೆ ಆಶ್ಚರ್ಯವಾಗುವುದಿಲ್ಲ. ನರದ ಗಡ್ಡೆ ತಡವಾಗಿ ಪತ್ತೆಯಾಗುವುದಕ್ಕೆ ಅದೇ ಮೊದಲ ಕಾರಣ.

ಗಡ್ಡೆ ಎಂದಕೂಡಲೇ ಮನೆಯವರ ಮನಸ್ಸು ಕ್ಯಾನ್ಸರಿಗೆ ಹೋಗುತ್ತದೆ. ಇಲ್ಲಿ ಹೆಚ್ಚಿನ ಸಲ ಹಾಗಾಗುವುದಿಲ್ಲ. ಬೆನ್ನುಹುರಿ ನಾವು ಅಂದುಕೊಂಡಷ್ಟು ಉದ್ದವಿಲ್ಲ. ವಯಸ್ಕರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೆಯ ಕಶೇರುವಿನ ಮಟ್ಟದಲ್ಲಿ ಮುಗಿಯುತ್ತದೆ. ಅಲ್ಲಿಂದ ಕೆಳಗೆ, ಡ್ಯೂರಾ ಎಂಬ ಗಟ್ಟಿ ಪೊರೆಯ ಚೀಲದೊಳಗೆ, ಕಾಲಿಗೆ, ಮೂತ್ರಕೋಶಕ್ಕೆ, ಗುದದ್ವಾರಕ್ಕೆ ಹೋಗುವ ನರಬೇರುಗಳು ಕುದುರೆಯ ಬಾಲದ ಕೂದಲಿನ ಹಾಗೆ ಇಳಿಬಿದ್ದು ಮಿದುಳುಬಳ್ಳಿಯ ದ್ರವದಲ್ಲಿ ತೇಲುತ್ತಿರುತ್ತವೆ. ಪ್ರತಿಯೊಂದು ನರದ ಎಳೆಗೂ ಹೊದಿಕೆ ಹಾಸುವ ಕೋಶಗಳಿವೆ. 1839ರ ಹೊತ್ತಿಗೆ ಅವುಗಳನ್ನು ವಿವರಿಸಿದ ಜರ್ಮನ್ ವಿಜ್ಞಾನಿ ಥಿಯೊಡೋರ್ ಶ್ವಾನ್ ಹೆಸರಿನಿಂದಲೇ ಅವು ಪರಿಚಿತ. ಈ ಹೊದಿಕೆಯ ಒಂದು ಕೋಶ ಹದ್ದುಮೀರಿ ಬೆಳೆಯತೊಡಗಿದರೆ ಆಗುವುದು ಶ್ವಾನೋಮಾ. ಮೂವತ್ತರಿಂದ ಅರವತ್ತು ವರ್ಷದೊಳಗೆ ಹೆಚ್ಚಾಗಿ ಕಾಣಿಸಿಕೊಳ್ಳುವ, ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ, ತನ್ನದೇ ಕವಚದೊಳಗೆ ಇರುವ ನಿರಪಾಯಕಾರಿ ಗಡ್ಡೆ ಅದು. ಸಾಮಾನ್ಯವಾಗಿ ಸಂವೇದನೆ ಹೊರುವ ಹಿಂಬದಿಯ ಬೇರಿನ ಒಂದು ಎಳೆಯಿಂದ ಹುಟ್ಟಿ, ಉಳಿದ ಬೇರುಗಳನ್ನು ಒಳಗೆ ಸೇರಿಸಿಕೊಳ್ಳದೆ ಬದಿಗೆ ತಳ್ಳುತ್ತ ಹೋಗುತ್ತದೆ. ಅದರ ದಾಯಾದಿ ನ್ಯೂರೋಫೈಬ್ರೋಮಾದ ಸ್ವಭಾವ ಬೇರೆ. ನರದ ಎಳೆಗಳನ್ನೇ ಒಳಗೆ ಹೆಣೆದುಕೊಂಡು ಬೆಳೆಯುವುದರಿಂದ ಅದನ್ನು ಬಿಡಿಸುವುದು ಕಷ್ಟ, ಮೈಮೇಲೆ ಕಂದು ಮಚ್ಚೆಗಳನ್ನು ತರುವ ಆನುವಂಶಿಕ ಕಾಯಿಲೆಯೊಂದಿಗೆ ಅದು ಸೇರಿ ಬರುವುದೂ ಉಂಟು. ಸಣ್ಣ ದಾರಿಯ ಶಸ್ತ್ರಚಿಕಿತ್ಸೆಗೆ ಶ್ವಾನೋಮಾ ಹೇಳಿ ಮಾಡಿಸಿದಂತಿದೆ, ಏಕೆಂದರೆ ಅದಕ್ಕೆ ಅಂಚು ಇದೆ, ಕವಚ ಇದೆ, ಅದು ಅಂಟಿಕೊಂಡಿರುವುದು ಒಂದೋ ಎರಡೋ ಎಳೆಗೆ ಮಾತ್ರ.

ಇದರ ನೋವಿಗೆ ಒಂದು ಗುರುತಿದೆ. ಡಿಸ್ಕ್ ಜಾರಿದವರು ಬಗ್ಗಿದರೆ, ಕೂತರೆ, ಭಾರ ಎತ್ತಿದರೆ ನರಳುತ್ತಾರೆ, ಮಲಗಿದರೆ ಅವರಿಗೆ ಸುಖ. ಗಡ್ಡೆ ಇರುವವರಲ್ಲಿ ಬಹಳ ಮಂದಿಗೆ ಮಲಗಿದಾಗಲೇ ನೋವು ಏರುತ್ತದೆ. ನಡುರಾತ್ರಿ ಎದ್ದು ಓಡಾಡುತ್ತಾರೆ, ಕುರ್ಚಿಯಲ್ಲಿ ಕೂತು ನಿದ್ದೆ ಮಾಡುತ್ತಾರೆ. ಇಂಥವರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೋವಿನ ಮಾತ್ರೆ, ಬೆಲ್ಟು, ಎಣ್ಣೆ ಉಜ್ಜುವಿಕೆ, ಸಯಾಟಿಕಾ ಎಂಬ ಹಣೆಪಟ್ಟಿ, ಇವುಗಳ ನಡುವೆ ಸುತ್ತುತ್ತಾರೆ. ಎಕ್ಸ್‌ರೇ ತೆಗೆಸಿದರೆ ಮೂಳೆ ಚೆನ್ನಾಗಿಯೇ ಕಾಣುತ್ತದೆ, ಗಡ್ಡೆ ಕಾಣುವುದಿಲ್ಲ. ಅದನ್ನು ಕಾಣಿಸುವುದು ಎಂಆರ್‌ಐ, ಅದರಲ್ಲೂ ಗ್ಯಾಡೋಲಿನಿಯಂ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಟ್ಟು ತೆಗೆದ ಚಿತ್ರ. ಸೊಂಟ ನೋವಿನ ಎಲ್ಲರಿಗೂ ಎಂಆರ್‌ಐ ಮಾಡಿಸಿ ಎಂದು ಇದರ ಅರ್ಥ ಅಲ್ಲವೇ ಅಲ್ಲ. ಹಾಗೆ ಮಾಡಿದರೆ ನಲವತ್ತು ದಾಟಿದ ಬಹುಪಾಲು ಜನರ ಬೆನ್ನಲ್ಲಿ ಏನಾದರೊಂದು ಸವೆತ ಕಾಣಿಸಿ, ಬೇಡದ ಶಸ್ತ್ರಚಿಕಿತ್ಸೆಗಳ ಜಾತ್ರೆಯೇ ಆಗುತ್ತದೆ. ಆದರೆ ರಾತ್ರಿ ಮಲಗಿದಾಗ ಏರುವ ನೋವು, ಆರು ವಾರ ಕಳೆದರೂ ಇಳಿಯದ ಕಾಲಿನ ಸೆಳೆತ, ಸೋಲುತ್ತಿರುವ ಪಾದ, ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು. ಮೂತ್ರ ಕಟ್ಟಿಕೊಂಡರೆ ಅಥವಾ ಕೂರುವ ಜಾಗ ಜೋಮು ಹಿಡಿದರೆ ಅದೇ ದಿನ ತುರ್ತು ವಿಭಾಗಕ್ಕೆ ಹೋಗಬೇಕು.

ಚಿತ್ರದ ಮಹತ್ವ ಗೊತ್ತಾಗಬೇಕಾದರೆ ಚಿತ್ರವಿಲ್ಲದ ಕಾಲವನ್ನು ನೆನೆಯಬೇಕು. ಬೆನ್ನುಹುರಿಯ ಗಡ್ಡೆಯೊಂದನ್ನು ಮೊದಲ ಬಾರಿ ಯಶಸ್ವಿಯಾಗಿ ತೆಗೆದದ್ದು 1887ರಲ್ಲಿ, ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ. ಗಡ್ಡೆ ಇದೆಯೆಂದು ರೋಗಿಯ ಲಕ್ಷಣಗಳಿಂದ ಊಹಿಸಿದವರು ವಿಲಿಯಂ ಗವರ್ಸ್, ತೆಗೆದವರು ವಿಕ್ಟರ್ ಹಾರ್ಸ್ಲಿ. ರಂಟ್‌ಗನ್ ಎಕ್ಸ್‌ರೇ ಕಂಡುಹಿಡಿಯಲು ಇನ್ನೂ ಎಂಟು ವರ್ಷ ಇತ್ತು. ಜೋಮು ಎಲ್ಲಿಂದ ಶುರು, ನೋವು ಯಾವ ಪಟ್ಟಿಯಲ್ಲಿ ಸುತ್ತುತ್ತದೆ ಎಂಬುದನ್ನಷ್ಟೇ ನೋಡಿ ಮಟ್ಟ ಲೆಕ್ಕ ಹಾಕಿದ್ದರು. ತೆರೆದು ನೋಡಿದಾಗ ಎಣಿಸಿದ ಜಾಗದಲ್ಲಿ ಗಡ್ಡೆ ಇರಲಿಲ್ಲ. ಇನ್ನಷ್ಟು ಮೂಳೆ ತೆಗೆಯುತ್ತ ಮೇಲಕ್ಕೆ ಹೋದ ಮೇಲೆ ಸಿಕ್ಕಿತು. ರೋಗಿ ಮತ್ತೆ ನಡೆದಾಡಿದ. ಆ ದೊಡ್ಡ ಗಾಯ ಹಾರ್ಸ್ಲಿಯ ಒರಟುತನವಾಗಿರಲಿಲ್ಲ, ಗಡ್ಡೆಯ ಜಾಗ ಗೊತ್ತಿಲ್ಲದ್ದಕ್ಕೆ ತೆತ್ತ ಬೆಲೆ ಅದು. ಮುಂದೆ 1920ರ ದಶಕದಲ್ಲಿ ಎಣ್ಣೆಯಂಥ ಲಿಪಿಯೊಡಾಲ್ ಅನ್ನು ಬೆನ್ನಿನ ಚೀಲಕ್ಕೆ ಬಿಟ್ಟು ಎಕ್ಸ್‌ರೇ ತೆಗೆಯುವ ಮೈಲೋಗ್ರಾಂ ಬಂತು, ಗಡ್ಡೆಯ ನೆರಳು ಸಿಕ್ಕಿತು, ಗಾಯ ಸ್ವಲ್ಪ ಕುಗ್ಗಿತು. 1980ರ ದಶಕದಲ್ಲಿ ಎಂಆರ್‌ಐ ಬಂದ ಮೇಲೆ ಗಡ್ಡೆಯ ಮೇಲಂಚು, ಕೆಳ ಅಂಚು, ಅದು ಎಡಕ್ಕಿದೆಯೋ ಬಲಕ್ಕಿದೆಯೋ, ನರ ಹೊರಬೀಳುವ ರಂಧ್ರದೊಳಗೆ ಕಾಲಿಟ್ಟಿದೆಯೋ ಎಲ್ಲವೂ ಮುಂಚಿತವಾಗಿ ಮೇಜಿನ ಮೇಲೆ ಬಂದವು. ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಆ ಚಿತ್ರದಿಂದ, ಉಪಕರಣಗಳು ಆಮೇಲೆ ಬಂದವು.

ಹಳೆಯ ಪದ್ಧತಿಯಲ್ಲಿ ಬೆನ್ನಿನ ನಡುಗೆರೆಯಲ್ಲಿ ಉದ್ದಕ್ಕೆ ಕೊಯ್ದು, ಕಶೇರುವಿನ ಹಿಂಚಾಚಿಗೆ ಅಂಟಿರುವ ಸ್ನಾಯುವನ್ನು ಎರಡೂ ಬದಿ ಕೆರೆದು ಬಿಡಿಸಿ, ಹಿಂಚಾಚನ್ನೂ ಅದರ ಇಕ್ಕೆಲದ ಲ್ಯಾಮಿನಾ ಎಂಬ ಮೂಳೆಯ ಛಾವಣಿಯನ್ನೂ ಪೂರ್ತಿ ತೆಗೆಯುತ್ತಾರೆ. ಗಡ್ಡೆ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಮಲ್ಟಿಫಿಡಸ್ ಎಂಬ ಆ ಸ್ನಾಯು ಸುಮ್ಮನೆ ತುಂಬಿಟ್ಟ ಮಾಂಸವಲ್ಲ. ನಾವು ಬಗ್ಗಿ ಏಳುವಾಗ ಒಂದೊಂದು ಕಶೇರುವನ್ನೂ ಪಕ್ಕದ್ದರೊಂದಿಗೆ ಬಿಗಿಯಾಗಿ ಹಿಡಿಯುವುದು ಅದರ ಕೆಲಸ. ಅದಕ್ಕೆ ಹೋಗುವ ಪುಟ್ಟ ನರ ತುಂಡಾದರೆ ಅಥವಾ ಗಾಯವನ್ನು ಅಗಲಿಸಿ ಹಿಡಿಯುವ ಲೋಹದ ಉಪಕರಣಗಳ ಒತ್ತಡದಲ್ಲಿ ಗಂಟೆಗಟ್ಟಲೆ ರಕ್ತವಿಲ್ಲದೆ ಉಳಿದರೆ ಸ್ನಾಯು ಬಡಕಲಾಗಿ ಕೊಬ್ಬು ತುಂಬಿಕೊಳ್ಳುತ್ತದೆ. ಹಿಂಚಾಚುಗಳನ್ನು ಒಂದಕ್ಕೊಂದು ಕಟ್ಟಿರುವ ಬಂಧಗಳು ಹೋದರೆ ಬೆನ್ನು ಮುಂದಕ್ಕೆ ಬಾಗದಂತೆ ಹಿಂದಿನಿಂದ ಹಿಡಿದಿರುವ ಬಿಗಿಯೂ ಹೋಗುತ್ತದೆ. ಪಕ್ಕದ ಕೀಲನ್ನೂ ಹೆಚ್ಚಾಗಿ ಕೊರೆದರೆ ಕಶೇರುಗಳು ಜಾರಬಹುದು, ಆಗ ಸ್ಕ್ರೂ ಮತ್ತು ಸರಳು ಹಾಕುವ ಇನ್ನೊಂದು ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವರು ಈ ನಷ್ಟವನ್ನು ಹೇಗೋ ತೂಗಿಸಿಕೊಂಡಾರು. ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುವವನಿಗೆ ಅದು ಕಸುಬಿನ ಪ್ರಶ್ನೆ. ಗಡ್ಡೆ ಹೋಯಿತು, ಕಾಲು ಸರಿಯಾಯಿತು, ಆದರೆ ಬೆನ್ನು ಭಾರ ಹೊರುವುದಿಲ್ಲ ಎಂದಾದರೆ ಆಸ್ಪತ್ರೆಯ ದಾಖಲೆಯಲ್ಲಿ ಅದು ಯಶಸ್ಸು, ಅವನ ಮನೆಯಲ್ಲಿ ಅಲ್ಲ.

ಹೊಸ ದಾರಿ ಈ ನಷ್ಟವನ್ನೇ ತಪ್ಪಿಸಲು ನೋಡುತ್ತದೆ. ರೋಗಿಗೆ ಅರಿವಳಿಕೆ ಕೊಟ್ಟು ಬೋರಲು ಮಲಗಿಸಿ, ಸಿ-ಆರ್ಮ್ ಎಂಬ ಚಲಿಸುವ ಎಕ್ಸ್‌ರೇಯಿಂದ ಕಶೇರುಗಳನ್ನು ಎಣಿಸಿ ಮಟ್ಟ ಗುರುತಿಸುತ್ತಾರೆ. ನಡುಗೆರೆಯಿಂದ ತುಸು ಬದಿಗೆ, ಗಡ್ಡೆ ಇರುವ ಕಡೆ, ಎರಡು ಮೂರು ಸೆಂಟಿಮೀಟರ್ ಕೊಯ್ಯುತ್ತಾರೆ. ಸ್ನಾಯುವನ್ನು ಮೂಳೆಯಿಂದ ಕೆರೆಯುವುದಿಲ್ಲ. ಒಂದರ ಮೇಲೊಂದು ದಪ್ಪನೆಯ ಕೊಳವೆಗಳನ್ನು ಇಳಿಸುತ್ತ ಅದರ ಎಳೆಗಳನ್ನು ಸರಿಸಿ, ಕೊನೆಗೆ ಸುಮಾರು ಎರಡು ಸೆಂಟಿಮೀಟರ್ ಅಗಲದ ಒಂದು ಕೊಳವೆಯನ್ನು ಉಳಿಸಿಕೊಳ್ಳುತ್ತಾರೆ. ಡಿಸ್ಕ್ ಶಸ್ತ್ರಚಿಕಿತ್ಸೆಗೆಂದು ಈ ಕೊಳವೆ ಪದ್ಧತಿಯನ್ನು 1997ರಲ್ಲಿ ಅಮೆರಿಕದ ಕೆವಿನ್ ಫೋಲಿ ಮತ್ತು ಮಾರಿಸ್ ಸ್ಮಿತ್ ಪ್ರಕಟಿಸಿದರು. 2006ರಲ್ಲಿ ರಿಚರ್ಡ್ ಫೆಸ್ಲರ್ ಅವರ ತಂಡ ಅದೇ ದಾರಿಯಲ್ಲಿ ಚೀಲದೊಳಗಿನ ಗಡ್ಡೆಗಳನ್ನು ಬೆರಳೆಣಿಕೆಯ ರೋಗಿಗಳಲ್ಲಿ ತೆಗೆದದ್ದನ್ನು ವರದಿ ಮಾಡಿತು. ಕೊಳವೆಯ ಮೇಲೆ ಸೂಕ್ಷ್ಮದರ್ಶಕ ನಿಲ್ಲುತ್ತದೆ. ಒಂದೇ ಬದಿಯ ಲ್ಯಾಮಿನಾದಲ್ಲಿ ಕಿಟಕಿ ಕೊರೆದು, ಹಿಂಚಾಚಿನ ಬುಡವನ್ನು ಒಳಗಿನಿಂದ ತುಸು ತೆಳುವಾಗಿಸಿ, ಅತ್ತ ಬದಿಯವರೆಗೂ ನೋಟ ಹರಿಸುತ್ತಾರೆ. ಡ್ಯೂರಾ ಸೀಳಿದಾಗ ಸ್ವಚ್ಛ ದ್ರವ ಚಿಮ್ಮುತ್ತದೆ, ಬೇರುಗಳ ನಡುವೆ ಹಳದಿ ಮಿಶ್ರಿತ ಗಡ್ಡೆ ಕಾಣುತ್ತದೆ. ಅದು ಹುಟ್ಟಿದ ಎಳೆಯನ್ನು ಗುರುತಿಸಿ ವಿದ್ಯುತ್ ಮೊನೆಯಿಂದ ಮುಟ್ಟುತ್ತಾರೆ. ಕಾಲಿನ ಅಥವಾ ಗುದದ ಸ್ನಾಯುವಿಗೆ ಚುಚ್ಚಿಟ್ಟ ಸೂಜಿಗಳಲ್ಲಿ ಮಿಡಿತ ಕಾಣದಿದ್ದರೆ ಮಾತ್ರ ಆ ಎಳೆಯನ್ನು ಕತ್ತರಿಸುತ್ತಾರೆ. ಗಡ್ಡೆ ಚಿಕ್ಕದಿದ್ದರೆ ಇಡಿಯಾಗಿ ಹೊರಬರುತ್ತದೆ, ದೊಡ್ಡದಿದ್ದರೆ ಅಲ್ಟ್ರಾಸೌಂಡ್ ಕಂಪನದ ಉಪಕರಣದಿಂದ ಒಳಗಿನ ತಿರುಳನ್ನು ಹೀರಿ ಕವಚವನ್ನು ಮಡಿಸಿ ತರುತ್ತಾರೆ. ಆಮೇಲೆ ಡ್ಯೂರಾಕ್ಕೆ ನೀರು ಸೋರದಂತೆ ಹೊಲಿಗೆ. ಕೊಳವೆ ಹೊರತೆಗೆದಾಗ ಸ್ನಾಯು ತಾನಾಗಿ ಕೂಡಿಕೊಳ್ಳುತ್ತದೆ.

ನರವನ್ನೇ ಕತ್ತರಿಸಿದರೆ ಕಾಲು ಬೀಳುವುದಿಲ್ಲವೇ ಎಂದು ಯಾರಾದರೂ ಕೇಳಿಯಾರು. ಕೇಳಲೇಬೇಕಾದ ಪ್ರಶ್ನೆ ಅದು. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 1989ರಲ್ಲಿ 86 ಶ್ವಾನೋಮಾ ಪ್ರಕರಣಗಳನ್ನು ಪರಿಶೀಲಿಸಿ ಪ್ರಕಟಿಸಿದ ವರದಿಯಲ್ಲಿ, ಕೈ ಅಥವಾ ಕಾಲಿನ ಚಲನೆಗೆ ಮುಖ್ಯವೆನಿಸಿದ ಬೇರುಗಳನ್ನು ಗಡ್ಡೆಯೊಂದಿಗೆ ಕತ್ತರಿಸಿದ 31 ಮಂದಿಯಲ್ಲಿ ಗುರುತಿಸಬಹುದಾದ ಕೊರತೆ ಉಂಟಾದದ್ದು 7 ಜನರಿಗೆ ಮಾತ್ರ. ಗಡ್ಡೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವಾಗ ಆ ಬೇರು ಮೆಲ್ಲನೆ ಕೆಲಸ ಬಿಡುತ್ತದೆ, ಪಕ್ಕದ ಬೇರುಗಳು ಅದರ ಪಾಲಿನ ಕೆಲಸ ವಹಿಸಿಕೊಂಡಿರುತ್ತವೆ. ಹಾಗಿದ್ದರೂ ನಾಲ್ವರಲ್ಲಿ ಒಬ್ಬರ ಹತ್ತಿರ ಹತ್ತಿರ ಎಂಬುದು ಹಗುರವಾದ ಅಂಕಿ ಅಲ್ಲ. ಆದ್ದರಿಂದಲೇ ವಿದ್ಯುತ್ ಮೊನೆಯ ಪರೀಕ್ಷೆಯನ್ನು ಐಷಾರಾಮ ಎಂದು ಬಿಡುವಂತಿಲ್ಲ. ಕೊಳವೆ ಇಲ್ಲದೆ ಈ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಬಹುದು, ನರದ ನಿಗಾ ಇಲ್ಲದೆ ಚೆನ್ನಾಗಿ ಆಗುವುದು ಅದೃಷ್ಟದ ಮಾತು.

ಈ ಪದ್ಧತಿಯನ್ನು ಒಪ್ಪದ ಶಸ್ತ್ರವೈದ್ಯರ ವಾದ ಗಟ್ಟಿಯಾದದ್ದು. ಎರಡು ಸೆಂಟಿಮೀಟರ್ ಕಿಂಡಿಯಲ್ಲಿ ಕೈ ಆಡುವುದಿಲ್ಲ, ರಕ್ತ ಒಸರಿದರೆ ನಿಲ್ಲಿಸುವುದು ಕಷ್ಟ, ಡ್ಯೂರಾ ಹೊಲಿಯುವುದು ಇನ್ನೂ ಕಷ್ಟ, ಹೊಲಿಗೆ ಸಡಿಲವಾದರೆ ದ್ರವ ಸೋರಿ ತಲೆನೋವು ಮತ್ತು ಸೋಂಕು, ಗಡ್ಡೆಯ ಚೂರು ಉಳಿದರೆ ಮತ್ತೆ ಬೆಳೆಯುವ ಭಯ. ಇದರಲ್ಲಿ ಬಹುಪಾಲು ಸರಿ. ಕೊಳವೆಯೊಳಗೆ ಹೊಲಿಯಲು ಬಾಗಿದ ಉದ್ದನೆಯ ಸೂಜಿಹಿಡಿಗಳೂ ವರ್ಷಗಳ ಅಭ್ಯಾಸವೂ ಬೇಕು. ಸೋರಿಕೆಯ ವಿಷಯದಲ್ಲಿ ಮಾತ್ರ ಸಣ್ಣ ದಾರಿಗೆ ಒಂದು ಅನುಕೂಲವಿದೆ. ದೊಡ್ಡ ಗಾಯದಲ್ಲಿ ಮೂಳೆ, ಸ್ನಾಯು ಹೋದ ಜಾಗ ಟೊಳ್ಳಾಗಿ ಉಳಿದು ದ್ರವ ಅಲ್ಲಿ ಕೆರೆ ಕಟ್ಟುತ್ತದೆ, ಇಲ್ಲಿ ಸ್ನಾಯು ಕೂಡಿಕೊಂಡು ಆ ಟೊಳ್ಳು ಉಳಿಯುವುದೇ ಇಲ್ಲ. ಅವರು ಎತ್ತದ ಇನ್ನೆರಡು ಅಪಾಯಗಳನ್ನು ನಾನೇ ಸೇರಿಸುತ್ತೇನೆ. ಸೊಂಟದಲ್ಲಿ ಕಾಣುವ ಗಡ್ಡೆಗಳೆಲ್ಲ ಶ್ವಾನೋಮಾ ಅಲ್ಲ. ಬೆನ್ನುಹುರಿಯ ತುದಿಯ ದಾರದಿಂದ ಹುಟ್ಟುವ ಎಪೆಂಡಿಮೋಮಾ ಚಿತ್ರದಲ್ಲಿ ಅದರ ಹಾಗೆಯೇ ಕಾಣಬಹುದು, ಅದರ ಕವಚ ಒಡೆದು ಚೂರು ಚೂರಾಗಿ ತೆಗೆದರೆ ಕೋಶಗಳು ದ್ರವದಲ್ಲಿ ಹರಡಿ ಬೇರೆಡೆ ಬೇರೂರಬಹುದು. ಅಂಥ ಅನುಮಾನವಿದ್ದಲ್ಲಿ ಕಿಂಡಿಯ ಹಟ ಬಿಟ್ಟು ಇಡಿಯಾಗಿ ತೆಗೆಯುವಷ್ಟು ದೊಡ್ಡ ದಾರಿ ಬೇಕು. ಎರಡನೆಯದು ವಿಚಿತ್ರವಾದದ್ದು. ತೇಲುವ ಬೇರಿಗೆ ಅಂಟಿದ ಗಡ್ಡೆ ಕೆಲವೊಮ್ಮೆ ಬೇರಿನೊಂದಿಗೇ ಮೇಲೆ ಕೆಳಗೆ ಸರಿಯುತ್ತದೆ. ಎಂಆರ್‌ಐಯಲ್ಲಿ ಮೂರನೆಯ ಕಶೇರುವಿನ ಹಿಂದೆ ಇದ್ದದ್ದು ಶಸ್ತ್ರಚಿಕಿತ್ಸೆಯ ದಿನ ಅಲ್ಲಿ ಇಲ್ಲದಿರಬಹುದು. ಕೆಲವರಿಗೆ ಹುಟ್ಟಿನಿಂದಲೇ ಸೊಂಟದ ಕಶೇರು ಒಂದು ಹೆಚ್ಚೋ ಕಡಿಮೆಯೋ ಇದ್ದು ಎಣಿಕೆ ತಪ್ಪುವುದೂ ಉಂಟು. ದೊಡ್ಡ ಗಾಯದಲ್ಲಿ ಈ ತಪ್ಪನ್ನು ಸರಿಸಿಕೊಳ್ಳಬಹುದು, ಕಿಂಡಿಯಲ್ಲಿ ಅದು ದುಬಾರಿ. ಹೊಸ ಎಂಆರ್‌ಐ, ಎಚ್ಚರದ ಎಣಿಕೆ, ಡ್ಯೂರಾ ತೆರೆಯುವ ಮುನ್ನ ಅಲ್ಟ್ರಾಸೌಂಡ್‌ನಿಂದ ಇಣುಕಿ ನೋಡುವುದು ಇದಕ್ಕೆ ಪರಿಹಾರ. ಗಡ್ಡೆಯ ಜಾಗ ಖಚಿತವಾಗಿ ಗೊತ್ತಿಲ್ಲದವನಿಗೆ ಸಣ್ಣ ಗಾಯ ಮಾಡುವ ಹಕ್ಕಿಲ್ಲ ಎಂಬುದು ಇಲ್ಲಿ ಮತ್ತೆ ಸಾಬೀತಾಗುತ್ತದೆ.

ಪುರಾವೆ ಎಲ್ಲಿ ಎಂಬುದು ಇನ್ನೊಂದು ಆಕ್ಷೇಪ. ಹೋಲಿಸಿ ನೋಡುವ ವಿದ್ಯೆ ಬೈಕುಲ್ಲಾಕ್ಕೆ ಹೊಸದಲ್ಲ. ಗ್ರಾಂಟ್ ಕಾಲೇಜಿನ ಪ್ರಯೋಗಾಲಯದಲ್ಲಿ ಪ್ಲೇಗಿನ ಲಸಿಕೆ ತಯಾರಿಸಿದ ವಾಲ್ಡೆಮಾರ್ ಹಾಫ್‌ಕಿನ್ 1897ರ ಜನವರಿಯಲ್ಲಿ ಮೊದಲು ಅದನ್ನು ತನಗೇ ಚುಚ್ಚಿಸಿಕೊಂಡು, ಅದೇ ತಿಂಗಳು ಬೈಕುಲ್ಲಾ ಜೈಲಿನಲ್ಲಿ ಲಸಿಕೆ ಪಡೆದ ಕೈದಿಗಳನ್ನು ಪಡೆಯದವರೊಂದಿಗೆ ಹೋಲಿಸಿದ. ಒಂದೇ ಛಾವಣಿ, ಒಂದೇ ಊಟ, ಒಂದೇ ರೋಗ. ಕೈದಿಯ ಒಪ್ಪಿಗೆಗೆ ಎಷ್ಟು ಬೆಲೆ ಎಂಬುದು ಬೇರೆ ಚರ್ಚೆ, ಆದರೆ ಹೋಲಿಕೆ ಸ್ವಚ್ಛವಾಗಿತ್ತು. ಸೊಂಟದ ಗಡ್ಡೆಯ ವಿಷಯದಲ್ಲಿ ಅಂಥ ಸ್ವಚ್ಛ ಹೋಲಿಕೆ ನಮ್ಮ ಬಳಿ ಇಲ್ಲ. ಇರುವವು ಹೆಚ್ಚಾಗಿ ಒಂದೊಂದು ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತಿರುವಿ ಹಾಕಿದ ಅಧ್ಯಯನಗಳು. ಸಣ್ಣ ದಾರಿಯಲ್ಲಿ ರಕ್ತಸ್ರಾವ ಕಡಿಮೆ, ಆಸ್ಪತ್ರೆ ವಾಸ ಕಡಿಮೆ, ಗಡ್ಡೆ ಪೂರ್ತಿ ತೆಗೆಯುವ ಪ್ರಮಾಣ ಹೆಚ್ಚುಕಡಿಮೆ ಸಮಾನ ಎಂದು ಅವು ಹೇಳುತ್ತವೆ. ಆದರೆ ಸುಲಭದ ಗಡ್ಡೆಗಳನ್ನು ಕೊಳವೆಗೂ ಕಷ್ಟದವನ್ನು ದೊಡ್ಡ ಗಾಯಕ್ಕೂ ಆರಿಸಿದ್ದರೆ ಈ ಹೋಲಿಕೆಯ ಅರ್ಧ ಶಕ್ತಿ ಅಲ್ಲಿಗೇ ಹೋಯಿತು. ಈ ಮಿತಿಯನ್ನು ನಾನು ಒಪ್ಪುತ್ತೇನೆ. ಇಷ್ಟು ವಿರಳವಾದ ಗಡ್ಡೆಗೆ ಸಾವಿರಾರು ರೋಗಿಗಳ ಪ್ರಯೋಗ ನಡೆಯುವ ಸಾಧ್ಯತೆ ಕಡಿಮೆ ಎಂಬುದೂ ಅಷ್ಟೇ ನಿಜ. ಹಾಗಿರುವಾಗ ಎರಡು ದಾರಿಗಳೂ ಗಡ್ಡೆಯನ್ನು ಸಮಾನವಾಗಿ ತೆಗೆಯುತ್ತವೆ ಎಂದಾದಲ್ಲಿ, ಕಡಿಮೆ ಕಡಿಯುವ ದಾರಿಯನ್ನು ಮೊದಲು ಪರಿಗಣಿಸಿ ಎನ್ನುವುದು ದುಡುಕಿನ ಮಾತಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಹಣದ್ದು. ಕೊಳವೆಗಳು, ಸೂಕ್ಷ್ಮದರ್ಶಕ, ನರ ನಿಗಾ ಯಂತ್ರ, ಅಲ್ಟ್ರಾಸೌಂಡ್ ಹೀರುಗೊಳವೆ, ಇವೆಲ್ಲ ಸಾವಿರ ರೋಗಿಗಳು ಹೊರರೋಗಿ ವಿಭಾಗದಲ್ಲಿ ಸಾಲು ನಿಂತಿರುವ ಸರ್ಕಾರಿ ಆಸ್ಪತ್ರೆಗೆ ಶೋಭಿಸುವ ಮಾತೇ? ಇದಕ್ಕೆ ಉತ್ತರ ಕೊಳವೆಯ ಆಚೆ ಇದೆ. ಸೂಕ್ಷ್ಮ ನರಶಸ್ತ್ರಚಿಕಿತ್ಸೆಯ ಗುರುವೆನಿಸಿದ ಗಾಜಿ ಯಾಶಾರ್ಗಿಲ್ ಕೊಳವೆ ಬರುವ ಮುಂಚೆಯೇ, 1991ರಲ್ಲಿ, ಒಂದೇ ಬದಿಯ ಲ್ಯಾಮಿನಾವನ್ನು ಭಾಗಶಃ ಮಾತ್ರ ತೆರೆದು ಬೆನ್ನುಹುರಿಯ ಗಡ್ಡೆಗಳನ್ನು ತೆಗೆದ ತಮ್ಮ ಅನುಭವವನ್ನು ಪ್ರಕಟಿಸಿದ್ದರು. ಚರ್ಮದ ಗಾಯ ಐದಾರು ಸೆಂಟಿಮೀಟರ್ ಆಗಬಹುದು, ಆದರೆ ಒಂದು ಬದಿಯ ಸ್ನಾಯು ಪೂರ್ತಿ ಉಳಿಯುತ್ತದೆ, ಹಿಂಚಾಚು ಉಳಿಯುತ್ತದೆ, ಬಂಧಗಳು ಉಳಿಯುತ್ತವೆ. ಇದಕ್ಕೆ ಬೇಕಾದದ್ದು ಸೂಕ್ಷ್ಮದರ್ಶಕ, ಕೊರೆಯುವ ಡ್ರಿಲ್ಲು, ಪಳಗಿದ ಕೈ. ನರಶಸ್ತ್ರಚಿಕಿತ್ಸೆ ಕಲಿಸುವ ಸಾರ್ವಜನಿಕ ಆಸ್ಪತ್ರೆಗಳಿಗೆ ಇವು ಪರಕೀಯವಲ್ಲ. ಜೆ.ಜೆ.ಯಲ್ಲಿ, ಪರೇಲಿನ ಕೆಇಎಂನಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಲೆಯ ಗಡ್ಡೆಗಳಿಗೆ ಸೂಕ್ಷ್ಮದರ್ಶಕದ ಕೆಳಗೆ ಕೆಲಸ ಮಾಡುವ ಪರಂಪರೆಯೇ ಇದೆ. ದುಬಾರಿ ಕೊಳವೆಯಿಂದ ಆಗುವ ಲಾಭದ ದೊಡ್ಡ ಪಾಲು ಈ ದಾರಿಯಲ್ಲೂ ಸಿಗುತ್ತದೆ. ರೋಗಿ ಎರಡು ಮೂರು ದಿನ ಮುಂಚೆ ಮನೆಗೆ ಹೋದರೆ ಹಾಸಿಗೆ ಇನ್ನೊಬ್ಬರಿಗೆ ಸಿಗುತ್ತದೆ, ಹಾಸಿಗೆಯ ಕೊರತೆಯೇ ದೊಡ್ಡ ಕಾಯಿಲೆಯಾಗಿರುವ ನಗರದಲ್ಲಿ ಈ ಲೆಕ್ಕವನ್ನು ಯಂತ್ರದ ಬೆಲೆಯ ಪಕ್ಕದಲ್ಲೇ ಬರೆಯಬೇಕು. ದಿನಗೂಲಿಯವನ ಕಳೆದುಹೋದ ಕೂಲಿ ಯಾವ ಆಸ್ಪತ್ರೆಯ ಬಜೆಟ್ಟಿನಲ್ಲೂ ಬರುವುದಿಲ್ಲ ಎನ್ನುವುದನ್ನೂ ಮರೆಯುವಂತಿಲ್ಲ.

ಮಹಾರಾಷ್ಟ್ರದ ಮಹಾತ್ಮಾ ಜೋತಿರಾವ್ ಫುಲೆ ಜನಾರೋಗ್ಯ ಯೋಜನೆ, ಕೇಂದ್ರದ ಆಯುಷ್ಮಾನ್ ಭಾರತ್, ಕರ್ನಾಟಕದ ಆರೋಗ್ಯ ಯೋಜನೆ, ಇವೆಲ್ಲ ಆಸ್ಪತ್ರೆಗೆ ದಾಖಲಾದ ಮೇಲಿನ ಶಸ್ತ್ರಚಿಕಿತ್ಸೆಗೆ ಹೆಗಲು ಕೊಡುವ ಪ್ಯಾಕೇಜುಗಳ ಸುತ್ತ ಕಟ್ಟಿದವು. ಗಡ್ಡೆಯ ರೋಗಿ ಸೋಲುವುದು ಅದಕ್ಕೂ ಮೊದಲು, ಸಯಾಟಿಕಾ ಎಂಬ ಹಣೆಪಟ್ಟಿಯಿಂದ ಎಂಆರ್‌ಐವರೆಗಿನ ಹಾದಿಯಲ್ಲಿ. ಹೊರಗೆ ಖಾಸಗಿಯಾಗಿ ಮಾಡಿಸಿದರೆ ಸಾವಿರಾರು ರೂಪಾಯಿ, ಉಚಿತವಾಗಿ ಮಾಡಿಸಬೇಕೆಂದರೆ ಸರದಿ. ಆ ಹೊತ್ತಿಗೆ ಗಡ್ಡೆ ಎರಡು ಕಶೇರುಗಳಷ್ಟು ಉದ್ದವಾಗಿ, ರಂಧ್ರದಿಂದ ಹೊರಗೂ ಚಾಚಿ ಡಂಬೆಲ್ ಆಕಾರ ತಳೆದರೆ ಸಣ್ಣ ದಾರಿಯ ಅವಕಾಶವೇ ಕೈತಪ್ಪುತ್ತದೆ, ಕೀಲು ತೆಗೆದು ಸ್ಕ್ರೂ ಹಾಕುವ ಪರಿಸ್ಥಿತಿ ಬರಬಹುದು. ಬಡವರಿಗೆ ದೊಡ್ಡ ಗಾಯ ಆಗುತ್ತಿದ್ದರೆ ಅದರ ಕಾರಣವನ್ನು ಆಪರೇಷನ್ ಥಿಯೇಟರಿನಲ್ಲಿ ಹುಡುಕುವುದಕ್ಕಿಂತ ರೇಡಿಯಾಲಜಿ ವಿಭಾಗದ ಬಾಗಿಲಲ್ಲಿ, ಅದಕ್ಕೂ ಹಿಂದೆ ಮೊದಲು ನೋಡಿದ ವೈದ್ಯರು ಕೇಳದೆ ಬಿಟ್ಟ ಒಂದು ಪ್ರಶ್ನೆಯಲ್ಲಿ ಹುಡುಕಬೇಕು: ರಾತ್ರಿ ಮಲಗಿದರೆ ನೋವು ಹೆಚ್ಚುತ್ತದೆಯೇ?

ಎಲ್ಲ ಗಡ್ಡೆಯನ್ನೂ ತೆಗೆಯಲೇಬೇಕೆಂದಿಲ್ಲ. ಬೇರೆ ಕಾರಣಕ್ಕೆ ಮಾಡಿಸಿದ ಎಂಆರ್‌ಐಯಲ್ಲಿ ಆಕಸ್ಮಿಕವಾಗಿ ಕಂಡ, ತೊಂದರೆ ಕೊಡದ ಸಣ್ಣ ಶ್ವಾನೋಮಾವನ್ನು ವರ್ಷಕ್ಕೊಮ್ಮೆ ಚಿತ್ರ ತೆಗೆಸಿ ಗಮನಿಸುತ್ತಿದ್ದರೆ ಸಾಕಾಗಬಹುದು. ಆನುವಂಶಿಕ ಕಾಯಿಲೆಯಿಂದ ಮೈತುಂಬ ಗಡ್ಡೆಗಳಿರುವವರಲ್ಲಿ ನೋವು ಕೊಡುವುದನ್ನು ಮಾತ್ರ ಆರಿಸಿ ತೆಗೆಯುತ್ತಾರೆ. ಅವರಲ್ಲಿ ಯಾವುದಾದರೂ ಒಂದು ಇದ್ದಕ್ಕಿದ್ದಂತೆ ಬೆಳೆದು ನೋವು ಬಿಗಡಾಯಿಸಿದರೆ ಅದು ಕ್ಯಾನ್ಸರ್ ಆಗಿ ತಿರುಗಿರುವ ಸಾಧ್ಯತೆಯಿದೆ, ಆಗ ಗಾಯದ ಉದ್ದದ ಚರ್ಚೆಗೆ ಅರ್ಥವಿಲ್ಲ. ತೆಗೆಸುವುದು ಎಂದು ನಿರ್ಧಾರವಾದವರು ಶಸ್ತ್ರವೈದ್ಯರನ್ನು ಗಾಯ ಎಷ್ಟು ಉದ್ದ ಎಂದು ಕೇಳುವ ಬದಲು ಸ್ನಾಯುವನ್ನು ಎರಡೂ ಬದಿ ಬಿಡಿಸುತ್ತೀರಾ, ಕೀಲು ಉಳಿಯುತ್ತದೆಯೇ, ನರದ ನಿಗಾ ಇರುತ್ತದೆಯೇ, ಕಿಂಡಿಯಲ್ಲಿ ಆಗದಿದ್ದರೆ ದಾರಿ ದೊಡ್ಡದು ಮಾಡಲು ಸಿದ್ಧರಿದ್ದೀರಾ ಎಂದು ಕೇಳಬಹುದು. ಇವಕ್ಕೆ ಸಿಡುಕದೆ ಉತ್ತರಿಸುವವರು ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುತ್ತಾರೆ. ಹೊರತೆಗೆದ ಗಡ್ಡೆಯ ಬಯಾಪ್ಸಿ ವರದಿ ಬರಲು ಕೆಲವು ದಿನ ಬೇಕು, ಊರಿಗೆ ಹೊರಡುವ ಆತುರದಲ್ಲಿ ಅದನ್ನು ತೆಗೆದುಕೊಳ್ಳದೆ ಹೋಗುವವರು ಬಹಳ. ಚೂರು ಉಳಿದಿದ್ದರೆ ಅದು ಮತ್ತೆ ಬೆಳೆದು ತಲೆ ಎತ್ತಲು ವರ್ಷಗಳೇ ಹಿಡಿಯುತ್ತವೆ, ಅಷ್ಟರಲ್ಲಿ ರೋಗಿ ಅಕ್ಕಲಕೋಟೆಗೋ ಕುಂದಾಪುರಕ್ಕೋ ಮರಳಿರುತ್ತಾನೆ, ಅಲ್ಲಿನ ವೈದ್ಯರ ಮುಂದೆ ಹಳೆಯ ಕಥೆ ಹೇಳುವವು ಆ ವರದಿ ಮತ್ತು ಶಸ್ತ್ರಚಿಕಿತ್ಸೆಗೆ ಮುಂಚಿನ ಎಂಆರ್‌ಐ ಫಿಲ್ಮು ಮಾತ್ರ.